ಪುಸ್ತಕ ಓದಿ ಸಿನಿಮಾಕ್ಕೆ ಹೋಗಬೇಕಾ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಫ್ಯಾಂಟಸಿ ಕಾದಂಬರಿಯೊಂದು ಸಿನಿಮಾ ಆಗಿ ದಾವಣಗೆರೆ ಟಾಕೀಸಿಗೆ ಬಂತೆಂದರೆ ಓದುವ ಹುಡುಗರೆಲ್ಲ ಕೇಳುವುದು ಒಂದೇ ಪ್ರಶ್ನೆ: "ಮೊದಲು ಪುಸ್ತಕ ಓದಲೋ, ಸೀದಾ ಸಿನಿಮಾ ನೋಡಲೋ?" ಮೊದಲೇ ಓದಿದವರು ಶೋ ಮುಗಿಸಿ ಬಂದು ಮುಖ ಸಪ್ಪೆ ಮಾಡಿಕೊಂಡು ಕೇಳುವುದು ಇನ್ನೊಂದು: "ಅಷ್ಟೆಲ್ಲ ಯಾಕೆ ಬಿಟ್ಟುಬಿಟ್ಟರು?" ಎರಡಕ್ಕೂ ಸೇರಿಸಿ ಹೇಳುತ್ತೇನೆ. ಓದಿಯೇ ಹೋಗಿ. ಆದರೆ ಬಿಟ್ಟಿದ್ದನ್ನು ಎಣಿಸುತ್ತ ಕೂರಬೇಡಿ, ಬದಲಿಸಿದ್ದಕ್ಕೆ ಲೆಕ್ಕ ಕೇಳಿ.

ಬಿಡದೆ ಗತ್ಯಂತರವೇ ಇಲ್ಲ. ಟೋಲ್ಕಿನ್ನರ 'ದಿ ಲಾರ್ಡ್ ಆಫ್ ದಿ ರಿಂಗ್ಸ್' 1954-55ರಲ್ಲಿ ಮೂರು ಸಂಪುಟಗಳಲ್ಲಿ ಬಂದ ಕಾದಂಬರಿ. ಹಿಡಿದವರನ್ನೆಲ್ಲ ಮರುಳು ಮಾಡುವ ಉಂಗುರವೊಂದನ್ನು ನಾಶಮಾಡಲು ಫ್ರೋಡೊ ಎಂಬ ಹಾಬಿಟ್, ಅಂದರೆ ಕುಳ್ಳ ಜನರಲ್ಲೊಬ್ಬ, ಊರು ಬಿಟ್ಟು ಹೊರಡುವ ಕಥೆ. ಹೆಚ್ಚುಕಡಿಮೆ 4.8 ಲಕ್ಷ ಪದಗಳಿವೆ. ಗಟ್ಟಿಯಾಗಿ ಓದುವ ವೇಗ ಗಂಟೆಗೆ ಸುಮಾರು 9,000 ಪದ ಎಂದಿಟ್ಟುಕೊಂಡರೆ ಪೂರ್ತಿ ಓದಲು ಐವತ್ತು ಗಂಟೆಗೂ ಹೆಚ್ಚು ಬೇಕು. ಪೀಟರ್ ಜಾಕ್ಸನ್ 2001, 2002, 2003ರಲ್ಲಿ ತೆರೆಗೆ ತಂದ ಮೂರು ಚಿತ್ರಗಳ ಅವಧಿ ಕ್ರಮವಾಗಿ 178, 179, 201 ನಿಮಿಷ. ಒಟ್ಟು 9 ಗಂಟೆ 18 ನಿಮಿಷ. ಕಾದಂಬರಿಯ ಆರು ಭಾಗಗಳಲ್ಲಿ ಎರಡನೆಯದರ ಎರಡನೇ ಅಧ್ಯಾಯವಾದ 'ದಿ ಕೌನ್ಸಿಲ್ ಆಫ್ ಎಲ್ರಾಂಡ್' ಒಂದನ್ನೇ ಗಟ್ಟಿಯಾಗಿ ಓದಲು ಒಂದೂವರೆ ಗಂಟೆ ಸಾಲುವುದಿಲ್ಲ. ತೆರೆಯ ಮೇಲೆ ಆ ಸಭೆ ಕೆಲವೇ ನಿಮಿಷದಲ್ಲಿ ಮುಗಿಯುತ್ತದೆ. ಅದೂ ಸರಿಯೇ. ಕೂತು ಮಾತಾಡುವವರನ್ನು ಒಂದೂವರೆ ಗಂಟೆ ತೋರಿಸಿದರೆ ಬಾಲ್ಕನಿಯಲ್ಲಿ ಯಾರೂ ಉಳಿಯುವುದಿಲ್ಲ.

ಪುಟ ಹೆಚ್ಚಾದಷ್ಟೂ ಚಿತ್ರ ಉದ್ದವಾಗಬೇಕು ಎಂಬ ನಿರೀಕ್ಷೆಯನ್ನೂ ಮನೆಯಲ್ಲೇ ಬಿಟ್ಟು ಹೋಗಿ. ಹ್ಯಾರಿ ಪಾಟರ್ ಸರಣಿಯ ಎರಡನೇ ಪುಸ್ತಕ ಬ್ರಿಟಿಷ್ ಆವೃತ್ತಿಯಲ್ಲಿ 251 ಪುಟ, ಚಿತ್ರ 161 ನಿಮಿಷ. ಐದನೆಯದು 766 ಪುಟ, ಚಿತ್ರ 138 ನಿಮಿಷ. ಸರಣಿಯ ಅತಿ ದಪ್ಪ ಪುಸ್ತಕಕ್ಕೆ ಚಿಕ್ಕ ಪುಸ್ತಕಕ್ಕಿಂತ 23 ನಿಮಿಷ ಕಡಿಮೆ ಸಿಕ್ಕಿತು. ಇದರ ತದ್ವಿರುದ್ಧ ಟೋಲ್ಕಿನ್ನರದೇ 'ದಿ ಹಾಬಿಟ್'. ಮಕ್ಕಳಿಗೆಂದು ಬರೆದ ಮುನ್ನೂರು ಚಿಲ್ಲರೆ ಪುಟದ ಆ ಕಥೆಯನ್ನು 2012ರಿಂದ 2014ರವರೆಗೆ ಮೂರು ಚಿತ್ರ ಮಾಡಿ ಎಳೆದರು, ಎಂಟು ಗಂಟೆಗೆ ಆರೇ ನಿಮಿಷ ಕಡಿಮೆ. ಹೆಚ್ಚೇನೂ ಬಿಡಲಿಲ್ಲ, ಇಲ್ಲದ್ದನ್ನೂ ಸೇರಿಸಿದರು. ಓದುಗರಿಗೆ ತೃಪ್ತಿಯಾಯಿತೇ? ನನ್ನ ಪ್ರಕಾರ ಮೂರರಲ್ಲಿ ಅತಿ ದುರ್ಬಲವಾದುದು ಕೊನೆಯ ಚಿತ್ರವೇ. ಪುಸ್ತಕದಲ್ಲಿ ಒಂದು ಅಧ್ಯಾಯಕ್ಕೆ ಮುಗಿಯುವ ಯುದ್ಧ ಅಲ್ಲಿ ಮುಗಿಯುವುದೇ ಇಲ್ಲ.

ಹಾಗಾಗಿ 'ಲಾರ್ಡ್ ಆಫ್ ದಿ ರಿಂಗ್ಸ್' ಚಿತ್ರದಲ್ಲಿ ಟಾಮ್ ಬೊಂಬಡಿಲ್ ಇಲ್ಲವೆಂದು ಕೊರಗಬೇಡಿ. ಕಾಡಿನ ಅಂಚಿನಲ್ಲಿ ಹಾಡಿಕೊಂಡಿರುವ ಆ ವಿಚಿತ್ರ ಯಜಮಾನ ನನಗೂ ಬಹಳ ಪ್ರಿಯ. ಆದರೆ ಅವನನ್ನು ತೆಗೆದರೂ ಉಂಗುರದ ದಾರಿ ಬದಲಾಗುವುದಿಲ್ಲ. ಫ್ರೋಡೊನ ಹಿರಿಯ ನೆಂಟ ಬಿಲ್ಬೊನ ಹುಟ್ಟುಹಬ್ಬದಿಂದ ಫ್ರೋಡೊ ಊರು ಬಿಡುವವರೆಗೆ ಪುಸ್ತಕದಲ್ಲಿ 17 ವರ್ಷ ಕಳೆಯುತ್ತವೆ, ಫ್ರೋಡೊ ಹೊರಡುವಾಗ ಅವನಿಗೆ ಐವತ್ತು. ಚಿತ್ರದಲ್ಲಿ ಆ 17 ವರ್ಷದ ಸುಳಿವೇ ಇಲ್ಲ, ಎಳೆಯ ಹುಡುಗನೊಬ್ಬ ಗಾಬರಿಯಲ್ಲಿ ಓಡುತ್ತಾನೆ. ಇದರಿಂದ ಕಥೆಯ ಬನಿ ಬದಲಾಯಿತು, ಆದರೂ ಕಾರಣ ಅರ್ಥವಾಗುತ್ತದೆ. ಬೆನ್ನಟ್ಟುವ ಕುದುರೆ ಸವಾರರ ಭಯ 17 ವರ್ಷ ಕಾಯುವುದಿಲ್ಲ.

ಲೆಕ್ಕ ಕೇಳಬೇಕಾದ್ದು ಫ್ಯಾರಮಿರ್ ಎಂಬ ಸೇನಾನಾಯಕನ ವಿಷಯದಲ್ಲಿ. ಪುಸ್ತಕದಲ್ಲಿ ಅವನು ಫ್ರೋಡೊ, ಜೊತೆಗಾರ ಸ್ಯಾಮ್ ಇಬ್ಬರನ್ನೂ ಹಿಡಿದು ಜಲಪಾತದ ಹಿಂದಿನ ಗುಹೆಗೆ ಕರೆತರುತ್ತಾನೆ. ಅವರ ಬಳಿ ಇರುವುದೇನೆಂದು ಇನ್ನೂ ತಿಳಿಯದಿರುವಾಗಲೇ, ಅದು ದಾರಿಯಲ್ಲಿ ಬಿದ್ದು ಸಿಕ್ಕರೂ ನಾನು ಎತ್ತಿಕೊಳ್ಳುವುದಿಲ್ಲ ಎಂದು ಮಾತು ಕೊಡುತ್ತಾನೆ. ಊಟವಾಗಿ, ಹೊಟ್ಟೆ ತಣ್ಣಗಾಗಿ, ಸ್ಯಾಮ್‌ನ ಬಾಯಿ ಜಾರಿ ಉಂಗುರದ ಗುಟ್ಟು ಹೊರಬೀಳುತ್ತದೆ. ಓದುತ್ತಿದ್ದವರಿಗೆ ಎದೆ ಧಸಕ್ ಎನ್ನುವ ಜಾಗ ಅದು. ಫ್ಯಾರಮಿರ್ ಎದ್ದು ನಿಲ್ಲುತ್ತಾನೆ, ಆಮೇಲೆ ನಕ್ಕು ಕೂರುತ್ತಾನೆ. ಕೊಟ್ಟ ಮಾತಿಗೆ ನಿಲ್ಲುತ್ತಾನೆ. ಉಂಗುರದ ಆಸೆಗೆ ಬಿದ್ದು ಅಣ್ಣ ಬೊರೊಮಿರ್ ಎಡವಿದಲ್ಲಿ ತಮ್ಮ ಎಡವಲಿಲ್ಲ, ಅಷ್ಟೇ ಅವನ ದೊಡ್ಡತನ.

ಚಿತ್ರದಲ್ಲಿ ಇದೇ ಫ್ಯಾರಮಿರ್ ಉಂಗುರವನ್ನು ಅಪ್ಪನಿಗೆ ಒಪ್ಪಿಸಲು ಇಬ್ಬರನ್ನೂ ಓಸ್ಗಿಲಿಯತ್ ಎಂಬ ಹಾಳೂರಿಗೆ ಎಳೆದೊಯ್ಯುತ್ತಾನೆ. ಕೊನೆಯಲ್ಲಿ ಮನಸ್ಸು ಬದಲಿಸಿ ಬಿಡುತ್ತಾನೆ. ಹೀಗೆ ಮಾಡಿದ್ದಕ್ಕೆ ಚಿತ್ರಕಥೆ ಬರೆದವರು ಕೊಟ್ಟ ಕಾರಣ ಎರಡು. ಒಂದು, ಎಲ್ಲರನ್ನೂ ಮರುಳು ಮಾಡುವ ಉಂಗುರ ಎಂದು ಒಂದೂವರೆ ಚಿತ್ರ ಹೇಳಿಕೊಂಡು ಬಂದು, ಒಬ್ಬ ಸೀದಾ ಬೇಡವೆಂದುಬಿಟ್ಟರೆ ಅದರ ಭಯವೇ ಕರಗುತ್ತದೆ. ಇನ್ನೊಂದು, ಪುಸ್ತಕದ ಎರಡನೇ ಸಂಪುಟದ ಕೊನೆಗೆ ಬರುವ ಶೆಲಾಬ್ ಎಂಬ ದೈತ್ಯ ಜೇಡದ ಪ್ರಸಂಗವನ್ನು ಮೂರನೇ ಚಿತ್ರಕ್ಕೆ ದಾಟಿಸಿದ್ದರಿಂದ, ಎರಡನೆಯದರಲ್ಲಿ ಫ್ರೋಡೊನ ಎಳೆಗೆ ಒಂದು ಕ್ಲೈಮ್ಯಾಕ್ಸ್ ಬೇಕಿತ್ತು. ಎರಡನೇ ಕಾರಣವನ್ನು ನಾನು ಒಪ್ಪುತ್ತೇನೆ, ಮೊದಲನೆಯದನ್ನು ಒಪ್ಪುವುದಿಲ್ಲ. ಬೇಡವೆನ್ನಬಲ್ಲ ಒಬ್ಬ ಮನುಷ್ಯ ಇದ್ದಾನೆಂದರೆ ಉಂಗುರ ಸಣ್ಣದಾಗುವುದಿಲ್ಲ, ಮನುಷ್ಯ ದೊಡ್ಡವನಾಗುತ್ತಾನೆ. ಓದಿ ಹೋದವರಿಗೆ ಮಾತ್ರ ಈ ಜಗಳ ಆಡುವ ಹಕ್ಕು ಸಿಗುತ್ತದೆ, ಓದಿ ಹೋಗಿ ಎನ್ನುವುದಕ್ಕೆ ಇದೇ ದೊಡ್ಡ ಕಾರಣ.

ನಮ್ಮ ಸೀಮೆಗೆ ಈ ಜಗಳ ಹೊಸದೇನಲ್ಲ. ಕಾದಂಬರಿಕಾರ ತರಾಸು ಹುಟ್ಟಿದ್ದು ಮಲೇಬೆನ್ನೂರಿನಲ್ಲಿ, ಮನೆತನ ತಳುಕಿನದು. ಅವರ 'ನಾಗರಹಾವು', 'ಎರಡು ಹೆಣ್ಣು ಒಂದು ಗಂಡು', 'ಸರ್ಪಮತ್ಸರ' ಎಂಬ ಮೂರು ಕಾದಂಬರಿಗಳನ್ನು ಕೂಡಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ ಒಂದೇ ಚಿತ್ರ ಮಾಡಿದರು, ಚಿತ್ರದುರ್ಗದ ಕೋಟೆಯಲ್ಲೇ ಶೂಟಿಂಗ್ ಆಯಿತು. ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರು ಎಂದು ತರಾಸು ನೊಂದುಕೊಂಡ ಮಾತು ಇವತ್ತಿಗೂ ಜನರ ಬಾಯಲ್ಲಿದೆ. ಆದರೂ ರಾಮಾಚಾರಿ ಎಂದರೆ ದುರ್ಗದವರ ಕಣ್ಣಿಗೆ ಬರುವುದು ವಿಷ್ಣುವರ್ಧನ್, ಚಾಮಯ್ಯ ಮೇಷ್ಟ್ರು ಎಂದರೆ ಅಶ್ವತ್ಥ್. ಸಿನಿಮಾ ನಮ್ಮ ಮನಸ್ಸಿನ ಮುಖಗಳನ್ನು ಕಿತ್ತುಕೊಂಡು ತನ್ನ ಮುಖ ಕೂರಿಸುತ್ತದೆ. ಒಮ್ಮೆ ಕೂತ ಮುಖ ಏಳುವುದಿಲ್ಲ. ಮೊದಲೇ ಓದಿದವರಿಗೆ ತಮ್ಮದೇ ರಾಮಾಚಾರಿ, ತಮ್ಮದೇ ಫ್ರೋಡೊ ಒಂದಷ್ಟು ದಿನವಾದರೂ ಇರುತ್ತಾನೆ.

ಸಿನಿಮಾ ಪುಸ್ತಕವನ್ನು ಮೀರಿಸುವ ಕಡೆಯೂ ಇದೆ, ಅದನ್ನು ಹೇಳದಿದ್ದರೆ ಅನ್ಯಾಯ. ಜಾಕ್ಸನ್‌ರ ಎರಡನೇ ಚಿತ್ರದಲ್ಲಿ ಹೆಲ್ಮ್ಸ್ ಡೀಪ್ ಎಂಬ ಕೋಟೆಯ ಕಾಳಗವನ್ನೇ ನೋಡಿ. ಪುಸ್ತಕದಲ್ಲಿ ಅದು ಒಂದು ಅಧ್ಯಾಯ. ಕಣಿವೆಗೆ ಅಡ್ಡವಾಗಿ ಕಲ್ಲಿನ ಗೋಡೆ, ಗೋಡೆಯ ಬುಡದಲ್ಲಿ ತೊರೆ ಹರಿದುಹೋಗಲು ಬಿಟ್ಟ ಒಂದು ಕಿಂಡಿ. ಆ ಕಿಂಡಿಯಲ್ಲಿ ಶತ್ರುಸೇನೆಯ ಒರ್ಕ್ ಎಂಬ ರಾಕ್ಷಸರು ನುಸುಳುತ್ತಾರೆ. ಕೋಟೆ ಕಾಯುವವರಲ್ಲೊಬ್ಬನಾದ ಗಿಮ್ಲಿ ಕೊಡಲಿ ಹಿಡಿದು ಎದುರಾಗುತ್ತಾನೆ, ಆಮೇಲೆ ಕಲ್ಲು ಒಟ್ಟಿ ಕಿಂಡಿ ಮುಚ್ಚಿಸುತ್ತಾನೆ. ಅವರು ಮತ್ತೆ ನುಸುಳಿ ಸ್ಫೋಟಕ ಇಟ್ಟು ಗೋಡೆ ಹಾರಿಸುತ್ತಾರೆ. ಓಬವ್ವನ ಕಿಂಡಿಯ ಮುಂದೆ ನಿಂತು ನೋಡಿದವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಏಳುಸುತ್ತಿನ ಕೋಟೆಯಾದರೂ ಒಬ್ಬೊಬ್ಬನೇ ತೂರುವಷ್ಟು ಸಂದಿಯಿಂದಲೇ ಹೈದರಾಲಿಯ ಸೈನಿಕರು ಒಳಬರಲು ನೋಡಿದ್ದು. ಪುಸ್ತಕದಲ್ಲಿ ಈ ಕಾಳಗ ಕತ್ತಲೆ, ಮಳೆ, ಗದ್ದಲಗಳಲ್ಲಿ ಕಲಸಿಹೋಗುತ್ತದೆ. ಗೋಡೆ ಎಲ್ಲಿ, ಬಾಗಿಲು ಎಲ್ಲಿ ಎಂದು ಎರಡು ಸಲ ಓದಬೇಕು. ಚಿತ್ರದಲ್ಲಿ ಒಂದೇ ನೋಟಕ್ಕೆ ತಿಳಿಯುತ್ತದೆ. ನ್ಯೂಜಿಲೆಂಡಿನ ವೆಲ್ಲಿಂಗ್ಟನ್ ಹತ್ತಿರದ ಕಲ್ಲುಕ್ವಾರಿಯಲ್ಲಿ ಸೆಟ್ ಹಾಕಿ ತಿಂಗಳುಗಟ್ಟಲೆ ರಾತ್ರಿ ಶೂಟಿಂಗ್ ಮಾಡಿದರು. ಶತ್ರುಸೇನೆಯ ಆ ಗಂಟಲು ಬಿರಿಯುವ ಕೂಗು ಇದೆಯಲ್ಲ, ಅದು ಕ್ರಿಕೆಟ್ ಪ್ರೇಕ್ಷಕರದು. ವೆಲ್ಲಿಂಗ್ಟನ್ ಸ್ಟೇಡಿಯಂನಲ್ಲಿ ಇಂಗ್ಲೆಂಡ್-ನ್ಯೂಜಿಲೆಂಡ್ ಪಂದ್ಯದ ಬಿಡುವಿನಲ್ಲಿ ಸುಮಾರು 25,000 ಜನರಿಂದ ಜಾಕ್ಸನ್ ತಾವೇ ನಿಂತು ಕೂಗಿಸಿ ರೆಕಾರ್ಡ್ ಮಾಡಿಕೊಂಡರು. ಇಷ್ಟು ಚೆನ್ನಾಗಿ ಮಾಡಿದವರು ಎಲ್ಫ್ ಎಂಬ ಸಾವಿಲ್ಲದ ಜನರ ಸೇನೆಯನ್ನು ನೆರವಿಗೆ ಯಾಕೆ ತಂದರೋ, ಪುಸ್ತಕದಲ್ಲಿ ಅದು ಬರುವುದೇ ಇಲ್ಲ.

ಬಿಟ್ಟಿದ್ದಕ್ಕೆ ಸಿಟ್ಟು ಬೇಡ ಎಂದೆನಲ್ಲ, ಅದಕ್ಕೂ ಅಪವಾದಗಳಿವೆ. ಕೊನೆಯ ಸಂಪುಟದಲ್ಲಿ ಹಾಬಿಟ್‌ಗಳು ಗೆದ್ದು ಊರಿಗೆ ಬಂದಾಗ ಊರು ಊರಾಗಿ ಉಳಿದಿರುವುದಿಲ್ಲ. ಮರಗಳನ್ನು ಉರುಳಿಸಿದ್ದಾರೆ, ಹಳೆಯ ಗಿರಣಿ ಕೆಡವಿ ಹೊಗೆಯುಗುಳುವ ಹೊಸದನ್ನು ಕಟ್ಟಿದ್ದಾರೆ, ಜನ ಹೆದರಿ ಬಾಗಿಲು ಹಾಕಿಕೊಂಡಿದ್ದಾರೆ. ತಮ್ಮ ಊರನ್ನು ತಾವೇ ಬಿಡಿಸಿಕೊಳ್ಳಬೇಕು. ಈ ಅಧ್ಯಾಯ ಮೊದಲಿನಿಂದಲೂ ಕಥೆಯ ಅವಿಭಾಜ್ಯ ಭಾಗವಾಗಿತ್ತು ಎಂದು ಟೋಲ್ಕಿನ್ ಮುನ್ನುಡಿಯಲ್ಲೇ ಬರೆದಿದ್ದಾರೆ. ಚಿತ್ರದಲ್ಲಿ ಊರು ಹೊರಟಾಗ ಇದ್ದ ಹಾಗೇ ಹಸಿರಾಗಿದೆ. ಇದು ಕತ್ತರಿಯ ಕೆಲಸದಂತೆ ಕಂಡರೂ ಕಥೆಯ ಅರ್ಥವನ್ನೇ ಬದಲಿಸಿತು. ಮೂರನೇ ಹ್ಯಾರಿ ಪಾಟರ್ ಚಿತ್ರದ್ದು ಇನ್ನೂ ಸಣ್ಣ ಲೋಪ, ಆದರೆ ಚುಚ್ಚುವುದು ಹೆಚ್ಚು. ಶಾಲೆಯ ಮೂಲೆಮೂಲೆ ತೋರಿಸುವ ಮಾಯಾ ನಕ್ಷೆ ಬರೆದ ನಾಲ್ವರಲ್ಲಿ ಹ್ಯಾರಿಯ ಅಪ್ಪನೂ ಒಬ್ಬ, ಅವನು ಸಾರಂಗವಾಗಿ ಬದಲಾಗುತ್ತಿದ್ದ ಎಂಬುದನ್ನು ಚಿತ್ರ ಹೇಳುವುದೇ ಇಲ್ಲ. ಹ್ಯಾರಿಯ ಮಂತ್ರದಿಂದ ಸಾರಂಗವೇ ಏಕೆ ಬಂತು ಎಂದು ಓದದವರಿಗೆ ಗೊತ್ತಾಗಬೇಕಾದರೂ ಹೇಗೆ? ನಾಲ್ಕು ಸಾಲು ಸಂಭಾಷಣೆ ಸಾಕಿತ್ತು.

ಇನ್ನು ಟಾಕೀಸಿನ ವಿಷಯ. ಪುಸ್ತಕವನ್ನು ಬಿಡುಗಡೆಗೆ ಒಂದು ತಿಂಗಳು ಮೊದಲೇ ಮುಗಿಸಿ. ಹಿಂದಿನ ವಾರ ಓದಿ ಹೋದರೆ ಪ್ರತಿ ಸಾಲೂ ನಾಲಿಗೆಯ ತುದಿಯಲ್ಲಿರುತ್ತದೆ, ಆಗ ಸಿನಿಮಾ ನೋಡುವುದಿಲ್ಲ, ತಾಳೆ ನೋಡುತ್ತೀರಿ. ಸಾಧ್ಯವಾದರೆ ಎರಡು ಸಲ ನೋಡಿ. ಆದರೆ ಎರಡನೇ ವಾರಕ್ಕೆ ಕಾಯಬೇಡಿ. ನಮ್ಮಲ್ಲಿ ಇಂಗ್ಲಿಷ್ ಚಿತ್ರಕ್ಕೆ ಸಿಗುವುದೇ ದಿನಕ್ಕೆ ಒಂದೆರಡು ಶೋ, ಶುಕ್ರವಾರ ದೊಡ್ಡ ಕನ್ನಡ ಅಥವಾ ತೆಲುಗು ಚಿತ್ರ ಬಂದರೆ ಅದನ್ನೂ ಎತ್ತಿಬಿಡುತ್ತಾರೆ. ಬುಧವಾರದೊಳಗೆ ಮುಗಿಸಿಕೊಳ್ಳಿ.

3ಡಿ, 2ಡಿ ಎರಡೂ ಇದ್ದರೆ 2ಡಿಗೇ ಹೋಗಿ. 2ಡಿ ಚಿತ್ರಕ್ಕೆ ಪರದೆಯ ಮೇಲೆ ಇರಬೇಕಾದ ಬೆಳಕು 14 ಫುಟ್-ಲ್ಯಾಂಬರ್ಟ್ (ಬೆಳಕಿನ ಅಳತೆ) ಎಂದು ನಿಗದಿಯಾಗಿದೆ. 3ಡಿ ಕನ್ನಡಕ ಹಾಕಿದ ಮೇಲೆ ಕಣ್ಣಿಗೆ ಸೇರುವುದು ಸಾಮಾನ್ಯವಾಗಿ ಅದರ ಮೂರನೇ ಒಂದು ಭಾಗದ ಆಸುಪಾಸು. ಫ್ಯಾಂಟಸಿ ಚಿತ್ರಗಳಲ್ಲಿ ಅರ್ಧಕ್ಕರ್ಧ ಗುಹೆ, ಕಾಡು, ರಾತ್ರಿ. ಕಪ್ಪು ಬಿಟ್ಟು ಬೇರೇನೂ ಕಾಣುವುದಿಲ್ಲ. 3ಡಿಗೆಂದು ಹಾಕಿದ ಬೆಳ್ಳಿ ಪರದೆಯಾದರೆ ಅಕ್ಕಪಕ್ಕದ ಸೀಟಿಗೆ ಇನ್ನೂ ಮಂಕು. ನಡುಸಾಲಿನಲ್ಲಿ, ಪರದೆಯಿಂದ ಮೂರನೇ ಎರಡು ಭಾಗ ಹಿಂದೆ ಕೂತರೆ ಚಿತ್ರವೂ ಸರಿ, ಸದ್ದೂ ಸರಿ. 2ಡಿ ಶೋನಲ್ಲೂ ಚಿತ್ರ ಮಂಕಾಗಿದ್ದರೆ ಪ್ರೊಜೆಕ್ಟರಿನ ಮುಂದೆ 3ಡಿ ಫಿಲ್ಟರ್ ಹಾಗೇ ಉಳಿದಿರಬಹುದು. ಎದ್ದು ಹೋಗಿ ಹೇಳಿ, ಒಂದು ನಿಮಿಷದ ಕೆಲಸ. ಎಲ್ಫ್ ಭಾಷೆಯ ಮಾತಿಗೆ ಬರುವ ಸಬ್‌ಟೈಟಲ್ ಪರದೆಯ ಕೆಳಗೆ ಕತ್ತರಿಸಿಹೋಗುತ್ತಿದ್ದರೂ ಹಾಗೆಯೇ ಹೇಳಿ, ಚಿತ್ರದ ಅಳತೆ ತಪ್ಪಾಗಿರುತ್ತದೆ.

ಹೊರದೇಶದ ಚಿತ್ರಕ್ಕೆ ಇಂಟರ್ವಲ್ ಇರುವುದಿಲ್ಲ, ಇಲ್ಲಿ ನಡುವೆ ತಡೆದು ಬಿಡುತ್ತಾರೆ. ಮಾತು ಅರ್ಧದಲ್ಲಿ ನಿಂತು ಅಲ್ಲಿಂದಲೇ ಶುರುವಾಗುತ್ತದೆ, ಆದ್ದರಿಂದ ಬೇಗ ಬಂದು ಕೂರಿ. ಶುರುವಿಗೂ ತಡ ಮಾಡಬೇಡಿ. 2001ರ ಚಿತ್ರದಲ್ಲಿ ಉಂಗುರದ ಸಾವಿರಾರು ವರ್ಷದ ಇತಿಹಾಸವನ್ನೆಲ್ಲ ಮೊದಲ ಏಳೆಂಟು ನಿಮಿಷದಲ್ಲೇ ಹೇಳಿ ಮುಗಿಸುತ್ತಾರೆ. 201 ನಿಮಿಷದ ಚಿತ್ರಕ್ಕೆ ಜಾಹೀರಾತು, ಇಂಟರ್ವಲ್ ಸೇರಿಸಿದರೆ ನಾಲ್ಕು ಗಂಟೆ ಹತ್ತಿರ. ಒಂಬತ್ತೂವರೆಯ ಸೆಕೆಂಡ್ ಶೋ ಬಿಡುವಾಗ ಒಂದೂಕಾಲು ದಾಟಿರುತ್ತದೆ. ಹರಿಹರ, ದುರ್ಗದವರಿಗೆ ಹೆದ್ದಾರಿ ಬಸ್ಸಿನ ಆಸೆ ಇದೆ. ಜಗಳೂರು, ಚನ್ನಗಿರಿ ಕಡೆಯವರು ಮ್ಯಾಟಿನಿಗೇ ಬನ್ನಿ.

ಓದಲು ಪುರುಸೊತ್ತಾಗದೆ ಸಿನಿಮಾ ನೋಡಿಬಿಟ್ಟಿದ್ದೀರಾ? ಪರವಾಗಿಲ್ಲ. ಮೊದಲ ಪುಟದಿಂದ ಶುರು ಮಾಡಿದರೆ ಹಾಬಿಟ್‌ಗಳ ವಂಶಾವಳಿಯಲ್ಲೇ ಬಳಲಿ ಕೈಬಿಡುತ್ತೀರಿ. 'ಲಾರ್ಡ್ ಆಫ್ ದಿ ರಿಂಗ್ಸ್' ಪುಸ್ತಕದಲ್ಲಿ ಆರು ಭಾಗಗಳಿವೆ ಎಂದೆನಲ್ಲ. ನಾಲ್ಕನೇ ಭಾಗದ ಐದನೇ ಅಧ್ಯಾಯ, 'ದಿ ವಿಂಡೋ ಆನ್ ದಿ ವೆಸ್ಟ್', ಮೊದಲು ಓದಿ. ನಿಜವಾದ ಫ್ಯಾರಮಿರ್ ಅಲ್ಲಿದ್ದಾನೆ. ಆಮೇಲೆ ಆರನೇ ಭಾಗದ ಎಂಟನೇ ಅಧ್ಯಾಯ, 'ದಿ ಸ್ಕೌರಿಂಗ್ ಆಫ್ ದಿ ಶೈರ್'. ಇವೆರಡು ಹಿಡಿಸಿದರೆ ಮೊದಲ ಭಾಗದ ಎರಡನೇ ಅಧ್ಯಾಯಕ್ಕೆ ಬನ್ನಿ, ಅಲ್ಲಿಂದ ಮುಂದಕ್ಕೆ ಒಂದನ್ನೂ ಬಿಡದೆ ಓದಿಕೊಂಡು ಹೋಗಿ.