ಜನ ನೋಡೋದು ಕೈ, ಕೆಲಸ ಕೊಡಿಸೋದು ಕಾಲು

ಹೆವಿ ಮೆಟಲ್, ಅಂದರೆ ಅಬ್ಬರದ ಗಿಟಾರಿನ ರಾಕ್ ಸಂಗೀತ. ಅದರ ಡ್ರಮ್ಮರ್ ಅಂದ ಕೂಡಲೇ ಜನರ ಕಣ್ಣ ಮುಂದೆ ಬರೋದು ಉದ್ದ ಕೂದಲು, ಬೀಸುವ ಕೈ. ನಾನು ಬೆಳಗಾವಿಯಲ್ಲಿ ಡ್ರಮ್ಸ್ ಬಾರಿಸಿ, ಕಲಿಸಿ, ಸ್ಟುಡಿಯೋದಲ್ಲಿ ರೆಕಾರ್ಡಿಂಗ್ ಮಾಡಿ ಹೊಟ್ಟೆ ಹೊರೆಯುವವನು. ನನ್ನ ಲೆಕ್ಕ ಬೇರೆ. ಕೈ ನೋಡಿ ಜನ ಚಪ್ಪಾಳೆ ಹೊಡೆಯುತ್ತಾರೆ. ಬ್ಯಾಂಡಿನವರು ಮತ್ತೆ ಕರೆಯೋದು ಕಾಲು ಕೇಳಿ. ಕ್ಲಾಸಿಗೆ ಬರುವ ಹುಡುಗರಿಗೆ ಇದು ತಲೆಗೆ ಹೋಗೋದು ತಡ. ಅವರ ಅಪ್ಪಂದಿರಿಗೆ ಇನ್ನೂ ತಡ. ದುಡ್ಡು ಕೊಡೋರು ಅವರು, ಅಂಗಡಿಯಲ್ಲಿ ಹೊಳೆಯೋದು ಡ್ರಮ್ಮು. ನೆಲದ ಮೇಲಿನ ದೊಡ್ಡ ಕಿಕ್ ಡ್ರಮ್ಮನ್ನು ಕಾಲಿನಿಂದ ಬಾರಿಸುವ ಪೆಡಲ್ ಕೆಳಗೆ ಎಲ್ಲೋ ಕತ್ತಲಲ್ಲಿ ಇರುತ್ತದೆ.

ನನ್ನ ಕೈ ಬಾಗಲಕೋಟೆಯ ಹೋಳಿಯದು. ಅಲ್ಲಿ ಬಣ್ಣಕ್ಕಿಂತ ಮೊದಲು ಹಲಗಿ. ಕಿಲ್ಲಾ, ಹೊಸಪೇಟೆ, ಜೈನಪೇಟೆ ಅಂತ ಓಣಿ ಓಣಿಗೂ ಮೇಳ ಇರುತ್ತದೆ. ನಮ್ಮ ಓಣಿ ಸದ್ದು ನಿಮ್ಮದಕ್ಕಿಂತ ಜೋರು ಅನ್ನೋ ಜಿದ್ದು ಬೇರೆ. ಹಲಗಿಯನ್ನು ಬೆಂಕಿಗೆ ಹಿಡಿದು ಕಾಯಿಸಬೇಕು, ಆಗ ಚರ್ಮ ಬಿಗಿಯಾಗುತ್ತದೆ. ಸ್ವಲ್ಪ ಹೊತ್ತು ಬಾರಿಸಿದರೆ ಮತ್ತೆ ಸಡಿಲ, ಮತ್ತೆ ಬೆಂಕಿ. ಕಾಗದ, ಕಸಕಡ್ಡಿ ಆರಿಸಿ ತಂದು ಬೆಂಕಿ ಹಾಕೋದು ಸಣ್ಣ ಹುಡುಗರ ಕೆಲಸ. ನಾನು ಶುರು ಮಾಡಿದ್ದೂ ಅಲ್ಲಿಂದಲೇ. ಹಲಗಿ ಕೈಗೆ ಸಿಕ್ಕಿದ್ದು ಆಮೇಲೆ. ಒಂದು ಕೈಯಲ್ಲಿ ದಪ್ಪ ಕೋಲು, ಇನ್ನೊಂದರಲ್ಲಿ ಸಣ್ಣ ಕಡ್ಡಿ. ದಪ್ಪ ಕೋಲು ಪೆಟ್ಟು ಹೇಳುತ್ತದೆ, ಸಣ್ಣದು ನಡುವಿನ ಜಾಗ ತುಂಬುತ್ತದೆ. ಡ್ರಮ್ ಸೆಟ್ಟಿನ ನಡುವಿನ ಚಪ್ಪಟೆ ಡ್ರಮ್ಮು ಸ್ನೇರ್. ಅದರ ಮೇಲೆ ಎಡಗೈಯಿಂದ ಮೆತ್ತಗೆ ಹಾಕುವ ಘೋಸ್ಟ್ ನೋಟುಗಳು ನನಗೆ ಹೊಸದು ಅನ್ನಿಸಲೇ ಇಲ್ಲ. ನಮ್ಮ ಕಾಕಾ ಹೇಳುತ್ತಿದ್ದರು: “ತಮ್ಮಾ, ಸಿಟ್ಟಿಲೆ ಬಡದ್ರ ಹಲಗಿ ಹರೀತೈತಿ, ಸಪ್ಪಳ ಬರೂದಿಲ್ಲ. ಮಣಿಕಟ್ಟ ಸಡ್ಲ ಬಿಡು.” ಆಮೇಲೆ ನೋಡಿದ ಡ್ರಮ್ ಪಾಠಗಳಲ್ಲೆಲ್ಲ ಇದೇ ಮಾತು ಇತ್ತು, ಇಂಗ್ಲಿಷಿನಲ್ಲಿ.

ಡ್ರಮ್ ಸೆಟ್ಟಿಗೂ ಒಂದು ಕಾಲದಲ್ಲಿ ಕರುವಿನ ಚರ್ಮವೇ ಇತ್ತು. ತೇವದ ಹವಾಗೆ ಸಡಿಲ, ಒಣ ಹವಾಗೆ ಬಿಗಿ. ಅಮೆರಿಕದ ರೆಮೋ ಬೆಲ್ಲಿ 1957ರಲ್ಲಿ ಮೈಲಾರ್ ಅನ್ನೋ ಪಾಲಿಯೆಸ್ಟರ್ ಹಾಳೆಯ ಹೆಡ್ (ಡ್ರಮ್ಮಿನ ಬಾಯಿಗೆ ಬಿಗಿಯುವ ಹೊದಿಕೆ) ಮಾಡಿ ಮಾರಲು ಶುರು ಮಾಡಿದ. ಆ ಹಾಳೆ ಇಲ್ಲದಿದ್ದರೆ ಬೆಳಗಾವಿಯ ಜುಲೈ ಮಳೆಯಲ್ಲಿ ನಾನು ಸ್ಟುಡಿಯೋ ಬಾಗಿಲಲ್ಲಿ ಬೆಂಕಿ ಹಾಕಿಕೊಂಡು ಕೂರಬೇಕಿತ್ತು.

ಹಲಗಿ ಒಂದನ್ನು ಮಾತ್ರ ಕಲಿಸಲಿಲ್ಲ. ಅದರಲ್ಲಿ ಕಾಲಿಗೆ ಕೆಲಸ ಇಲ್ಲ.

ಕಾಲಿನ ಗುರುಗಳು ಎಲ್ಲ ದೂರದವರು. ಮೊದಲನೆಯವನು ಮೆಟಲ್ ಬ್ಯಾಂಡು ಬ್ಲ್ಯಾಕ್ ಸಬ್ಬತ್‌ನ ಡ್ರಮ್ಮರ್ ಬಿಲ್ ವಾರ್ಡ್. ಬ್ಯಾಂಡು 1968ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿತು. ಅದು ಕಾರ್ಖಾನೆಗಳ ಊರು. ಬ್ಯಾಂಡಿನ ಗಿಟಾರ್ ವಾದಕ ಟೋನಿ ಅಯೋಮಿ ಹದಿನೇಳನೇ ವಯಸ್ಸಿನಲ್ಲಿ ತಗಡಿನ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕು ಬಲಗೈಯ ಎರಡು ಬೆರಳ ತುದಿ ಕಳೆದುಕೊಂಡವನು. ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದ ಫೌಂಡ್ರಿಗಳ ಪಕ್ಕದಲ್ಲೇ ನಾವು ಪ್ರ್ಯಾಕ್ಟೀಸ್ ಮಾಡುತ್ತಿದ್ದೆವು. ಹಾಗಾಗಿ ಈ ಕತೆ ಕೇಳಿದಾಗ ಆ ಬ್ಯಾಂಡು ನಮ್ಮೂರಿನದೇ ಅನ್ನಿಸಿಬಿಟ್ಟಿತು. ವಾರ್ಡ್ ಮಾತ್ರ ಜೀನ್ ಕ್ರೂಪಾ, ಬಡ್ಡಿ ರಿಚ್ ಅವರಂಥ ಜಾಸ್ ಡ್ರಮ್ಮರ್‌ಗಳನ್ನು ಕೇಳಿ ಬೆಳೆದವನು. ಅಷ್ಟು ಭಾರದ ಗಿಟಾರಿನ ಕೆಳಗೂ ಅವನ ಕಾಲು ತೂಗಾಡುತ್ತದೆ, ಬಡಿಯುವುದಿಲ್ಲ. ಎರಡು ಕಿಕ್ ಡ್ರಮ್ ಇಟ್ಟುಕೊಳ್ಳೋದೂ ಮೆಟಲ್ಲಿನವರು ಕಂಡುಹಿಡಿದದ್ದಲ್ಲ. ಜಾಸ್‌ನ ಲೂಯಿ ಬೆಲ್ಸನ್ 1940ರ ದಶಕದಲ್ಲೇ ಅದನ್ನು ಮಾಡಿದ್ದ. ಮೆಟಲ್ ಹುಡುಗರಿಗೆ ಅದರ ಹುಚ್ಚು ಹಿಡಿಸಿದವರಲ್ಲಿ ಮೋಟರ್‌ಹೆಡ್‌ನ ಫಿಲ್ ಟೇಲರ್ ಒಬ್ಬ, ಆಮೇಲೆ ಸ್ಲೇಯರ್‌ನ ಡೇವ್ ಲೊಂಬಾರ್ಡೊ. ಲೊಂಬಾರ್ಡೊ ಹುಟ್ಟಿದ್ದು ಕ್ಯೂಬಾದ ಹವಾನಾದಲ್ಲಿ. ಅವನ ಡಬಲ್ ಕಿಕ್ ಎಷ್ಟೇ ಓಡಿದರೂ ಒಂದೊಂದು ಪೆಟ್ಟೂ ಬಿಡಿಬಿಡಿಯಾಗಿ ಕೇಳುತ್ತದೆ.

ಆದರೆ ನನ್ನ ತಲೆ ತಿರುಗಿಸಿದ್ದು ಒಂಟಿ ಪೆಡಲ್. 2007ರ ಮಾರ್ಚ್ 17ರಂದು ಇಂಗ್ಲೆಂಡಿನ ಮೆಟಲ್ ಬ್ಯಾಂಡು ಐರನ್ ಮೇಡನ್ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಿತ್ತು. ಬಾಗಲಕೋಟೆಯಿಂದ ರಾತ್ರಿ ಬಸ್ಸಿಗೆ ಹೋಗಿದ್ದೆ. ಡ್ರಮ್ಮರ್ ನಿಕೋ ಮೆಕ್‌ಬ್ರೇನ್ ಕಾಣಿಸಲೇ ಇಲ್ಲ, ಅಷ್ಟು ದೊಡ್ಡ ಸೆಟ್ಟಿನ ಹಿಂದೆ ಕೂತಿದ್ದ. ಕಾಣದಿದ್ದರೂ ಕಾಲು ಕೇಳುತ್ತಿತ್ತು. ಅಷ್ಟು ದೊಡ್ಡ ಸೆಟ್ಟಿಗೆ ಒಂದೇ ಕಿಕ್, ಒಂದೇ ಪೆಡಲ್! ಬೇರೆಯವರು ಎರಡು ಕಾಲಲ್ಲಿ ಮಾಡೋದನ್ನು ಆತ ಬಲಗಾಲೊಂದರಲ್ಲೇ ಮಾಡುತ್ತಿದ್ದ. ಇನ್ನೊಬ್ಬ, ಡೆಫ್ ಲೆಪರ್ಡ್‌ನ ರಿಕ್ ಆಲನ್. 1984ರ ಡಿಸೆಂಬರ್ 31ರಂದು ಕಾರು ಅಪಘಾತದಲ್ಲಿ ಎಡಗೈ ಹೋಯಿತು. ಎಡಗೈ ಮಾಡುತ್ತಿದ್ದ ಕೆಲಸವನ್ನು ಎಲೆಕ್ಟ್ರಾನಿಕ್ ಪೆಡಲ್‌ಗಳ ಮೂಲಕ ಎಡಗಾಲಿಗೆ ಕೊಟ್ಟು, 1986ರಲ್ಲಿ ಮತ್ತೆ ದೊಡ್ಡ ವೇದಿಕೆ ಹತ್ತಿದ. ನನ್ನ ಎಡಗಾಲು ಕೇಳಲ್ಲ ಅಂತ ಯಾವ ವಿದ್ಯಾರ್ಥಿಯಾದರೂ ಗೋಳಿಟ್ಟರೆ ನಾನು ಇವನ ಹೆಸರು ಹೇಳಿ ಸುಮ್ಮನಾಗುತ್ತೇನೆ.

ಕಾಲು ಯಾಕೆ ಇಷ್ಟು ಮುಖ್ಯ ಅಂತ ಗೊತ್ತಾಗೋದು ಸ್ಟುಡಿಯೋದಲ್ಲಿ. ಮೆಟಲ್‌ನಲ್ಲಿ ಗಿಟಾರಿನ ತಂತಿಯನ್ನು ಅಂಗೈಯಿಂದ ಒತ್ತಿ ‘ಜಗ್ ಜಗ್’ ಅಂತ ನುಡಿಸುತ್ತಾರಲ್ಲ, ಕಿಕ್ ಅದರ ಜೊತೆಗೇ ಕೂರಬೇಕು. ಕೂದಲೆಳೆ ಹಿಂದೆ ಮುಂದೆ ಆದರೆ ಗಿಟಾರು ಒಂದಾಗಿ ಕೇಳೋ ಬದಲು ಮಸುಕಾಗುತ್ತದೆ. ನಿಮಿಷಕ್ಕೆ 200 ಬೀಟ್ ವೇಗದ ಹಾಡು ಅಂದುಕೊಳ್ಳಿ. ಬೀಟಿಗೆ ನಾಲ್ಕು ಕಿಕ್ ಅಂದರೆ ನಿಮಿಷಕ್ಕೆ 800. ಸೆಕೆಂಡಿಗೆ ಹದಿಮೂರು. ಬಲಗಾಲು, ಎಡಗಾಲು ಹಂಚಿಕೊಂಡರೂ ಒಂದೊಂದಕ್ಕೆ ಆರೇಳು. ಇಲ್ಲಿ ಬಲ ನಡೆಯೋದಿಲ್ಲ. ಎಡಗಾಲು ಬಲಗಾಲಿಗಿಂತ ಮೆತ್ತಗಿದ್ದರೆ ಮೈಕು ಅದನ್ನು ಊರಿಗೆಲ್ಲ ಹೇಳುತ್ತದೆ. ವೇದಿಕೆಯಲ್ಲಿ ಬಚಾವಾಗಬಹುದು, ಹೆಡ್‌ಫೋನಿನಲ್ಲಿ ಆಗೋದಿಲ್ಲ. ಆಮೇಲೆ ಕಂಪ್ಯೂಟರಿನಲ್ಲಿ ಪೆಟ್ಟುಗಳನ್ನು ಎಳೆದು ಸರಿ ಮಾಡಬಹುದು, ನಿಜ. ಆದರೆ ಆ ಹೊತ್ತಿನ ಬಾಡಿಗೆ ಬ್ಯಾಂಡಿನ ತಲೆ ಮೇಲೆ. ಮುಂದಿನ ಸಲ ಅವರು ಬೇರೆಯವರನ್ನು ಕರೆಯುತ್ತಾರೆ, ಅಷ್ಟೇ.

ಹುಡುಗರಿಗೆ ನಾನು ಕೊಡೋ ಅಭ್ಯಾಸ ಬೇಜಾರಿನದು. ತಾಳ ಎಣಿಸುವ ಕ್ಲಿಕ್ಕನ್ನು ನಿಧಾನಕ್ಕೆ ಇಟ್ಟು, ಎಡಗಾಲಿನಿಂದ ಶುರು ಮಾಡು. ಬಲಗಾಲಿನ ಸದ್ದು, ಎಡಗಾಲಿನ ಸದ್ದು ಯಾವುದು ಅಂತ ಕಣ್ಣು ಮುಚ್ಚಿದರೆ ನನಗೆ ಗೊತ್ತಾಗಬಾರದು. ಗೊತ್ತಾದರೆ ವೇಗ ಏರಿಸೋ ಹಾಗಿಲ್ಲ. ಇಲ್ಲಿ ಒಂದು ತಮಾಷೆ ನೋಡಿದ್ದೇನೆ. ಗಣಪತಿ ಹಬ್ಬದಲ್ಲಿ ಢೋಲ್-ತಾಶಾ ಪಥಕಗಳಲ್ಲಿ (ಮೇಳಗಳಲ್ಲಿ) ಬಾರಿಸಿ ಬಂದ ಹುಡುಗರು ಎರಡೂ ಕಾಲಿನಿಂದ ಒಂದೇ ಕಿಕ್ ಬಾರಿಸುವ ಡಬಲ್ ಪೆಡಲ್ಲನ್ನು ಬೇಗ ಹಿಡಿಯುತ್ತಾರೆ. ಅವರಿಗೆ ಮೆರವಣಿಗೆಯಲ್ಲಿ ಹೆಜ್ಜೆ ಹಾಕುತ್ತಾ ಬಾರಿಸಿ ಅಭ್ಯಾಸ. ತಾಳ ಆಗಲೇ ಪಾದದಲ್ಲಿ ಇರುತ್ತದೆ. ಮೊಬೈಲಿನಲ್ಲಿ ವಿಡಿಯೋ ನೋಡಿ ಕಲಿತು ಬಂದವರ ಕೈ ಚೆಂದ, ಕಾಲು ಮಾತ್ರ ಯಾರದೋ ಅನ್ನೋ ಹಾಗೆ.

ಇನ್ನು ಸಾಮಾನು. ಕೊಳ್ಳೋದನ್ನು ನೆಲದಿಂದ ಮೇಲಕ್ಕೆ ಶುರು ಮಾಡಿ ಅಂತ ಹೇಳುತ್ತೇನೆ. ಮೊದಲು ಜಮಖಾನ. ನಗಬೇಡಿ. ನಮ್ಮ ಕಡೆಯ ಮಂಗಲ ಕಾರ್ಯಾಲಯಗಳಲ್ಲಿ ನೆಲ ಗ್ರಾನೈಟ್. ಕಿಕ್ ಒದ್ದಷ್ಟೂ ಮುಂದೆ ಜಾರುತ್ತದೆ, ಅದರ ಹಿಂದೆ ನೀವೂ ಸ್ಟೂಲ್ ಎಳೆದುಕೊಂಡು ಹೋಗಬೇಕು. ಎರಡನೆಯದು ಸ್ಟೂಲ್. ಹಿಮ್ಮಡಿ ಎತ್ತಿ ಎರಡೂ ಕಾಲಲ್ಲಿ ಬಾರಿಸುವಾಗ ಪಾದಕ್ಕೆ ನೆಲದ ಆಸರೆ ಇಲ್ಲ, ಮೈಯ ಭಾರವೆಲ್ಲ ಸೀಟಿನ ಮೇಲೆ. ಅಲ್ಲಾಡೋ ಸ್ಟೂಲ್ ಇದ್ದರೆ ಸೊಂಟ ಹೋಗುತ್ತದೆ, ತಾಳವೂ ಹೋಗುತ್ತದೆ. ಎತ್ತರ ಎಷ್ಟಿರಬೇಕು ಅಂದರೆ ಮೊಣಕಾಲಿಗಿಂತ ಸೊಂಟ ಸ್ವಲ್ಪ ಮೇಲಿರಬೇಕು.

ಮೂರನೆಯದು ಪೆಡಲ್. ಇದರ ಹಿಂದೆ ದೊಡ್ಡ ಚರಿತ್ರೆ ಇದೆ. ಒಳ್ಳೆ ಪೆಡಲ್ ಬರುವ ಮೊದಲು ಒಬ್ಬನೇ ಡ್ರಮ್ಮರ್ ಕೈಯಿಂದಲೇ ದೊಡ್ಡ ಡ್ರಮ್ಮನ್ನೂ ಸ್ನೇರನ್ನೂ ಬಾರಿಸಿ ಒದ್ದಾಡುತ್ತಿದ್ದ. ಅಮೆರಿಕದ ಡ್ರಮ್ ತಯಾರಕ ಲುಡ್ವಿಗ್ 1909ರಲ್ಲಿ ಪೆಡಲ್‌ಗೆ ಪೇಟೆಂಟ್ ತಗೊಂಡ ಮೇಲೆ ಕಾಲಿಗೂ ಸರಿಯಾದ ಕೆಲಸ ಸಿಕ್ಕಿತು. ಡ್ರಮ್ ಸೆಟ್ ಅನ್ನೋದು ಇವತ್ತಿನ ರೂಪಕ್ಕೆ ಬಂದದ್ದು ಅದರಿಂದಲೇ. ಈಗಿನ ಡಬಲ್ ಪೆಡಲ್‌ನಲ್ಲಿ ಎಡಗಾಲಿನ ಪೆಡಲ್‌ನಿಂದ ಬಲಗಡೆಗೆ ಒಂದು ಸರಳು ಹೋಗುತ್ತದೆ. ಎರಡು ತುದಿಗೂ ತಿರುಗುವ ಜಾಯಿಂಟ್. ಅಗ್ಗದ ಪೆಡಲ್‌ನಲ್ಲಿ ಮೊದಲು ಸವೆಯೋದು ಈ ಜಾಯಿಂಟೇ. ಆಗ ಎಡಗಾಲಿನ ಪೆಟ್ಟು ತಡವಾಗಿ ಬೀಳುತ್ತದೆ, ಹುಡುಗ ತನ್ನ ಕಾಲನ್ನೇ ಬೈದುಕೊಳ್ಳುತ್ತಾನೆ.

ನನ್ನ ಪೆಡಲ್‌ನ ಪಿನ್ ಒಮ್ಮೆ ಕಾರ್ಯಕ್ರಮದ ಹಿಂದಿನ ದಿನ ಮುರಿಯಿತು. ಬಿಡಿಭಾಗ ಹೊರಗಿನಿಂದ ತರಿಸುವಷ್ಟು ಟೈಮ್ ಇರಲಿಲ್ಲ. ಉದ್ಯಮಬಾಗದ ಲೇತ್ ಅಂಗಡಿಗೆ ಒಯ್ದೆ. ಅಲ್ಲಿನ ಕಾಕಾ ತಿರುಗಿಸಿ ತಿರುಗಿಸಿ ನೋಡಿ, “ಹೊಲಿಗಿ ಮಷೀನಿನ ಸಾಮಾನ ಏನ್ರೀ?” ಅಂದರು. ವಿಷಯ ಹೇಳಿದೆ. ಮುರಿದ ತುಂಡನ್ನು ಅಳೆದರು, ಗಟ್ಟಿ ಉಕ್ಕಿನ ಸರಳು ತಗೊಂಡು ಟೀ ಬರೋದರೊಳಗೆ ಕಡೆದು ಕೊಟ್ಟರು. ಕಂಪನಿ ಪಿನ್ನಿಗಿಂತ ಅದೇ ಜಾಸ್ತಿ ದಿನ ಬಂತು. ಬೆಳಗಾವಿಯಲ್ಲಿ ಮೆಟಲ್ ಬಾರಿಸೋಕೆ ಕೇಳುಗರು ಕಮ್ಮಿ ಇರಬಹುದು, ರಿಪೇರಿಗೆ ಮಾತ್ರ ಕಮ್ಮಿ ಇಲ್ಲ.

ಪೆಡಲ್ ಒತ್ತಿದಾಗ ಡ್ರಮ್ಮಿಗೆ ಬಡಿಯುವ ಬೀಟರ್‌ನ ತಲೆ ಫೆಲ್ಟ್ ಆದರೆ ಸದ್ದು ದುಂಡಗೆ, ಪ್ಲಾಸ್ಟಿಕ್ ಆದರೆ ‘ಟಕ್’ ಅಂತ ಚೂಪು. ಮೆಟಲ್‌ಗೆ ಚೂಪೇ ಬೇಕು. ದಪ್ಪ ಗಿಟಾರಿನ ನಡುವೆ ದುಂಡು ಸದ್ದು ಮುಳುಗಿಹೋಗುತ್ತದೆ. ಕಿಕ್‌ನ ಒಳಗೆ ಒಂದು ಹಳೆಯ ದುಪ್ಪಟಿ ಮಡಚಿ ಇಟ್ಟರೆ ಗುಂಯ್‌ಗುಡೋದು ನಿಲ್ಲುತ್ತದೆ.

ಆಮೇಲೆ ಸ್ನೇರ್, ಆಮೇಲೆ ಸಿಂಬಲ್. ಸಿಂಬಲ್‌ನಲ್ಲಿ ಹಿತ್ತಾಳೆ ತಟ್ಟೆ ಕೊಂಡು ಸಮಾಧಾನ ಮಾಡಿಕೊಳ್ಳಬೇಡಿ. ಒಳ್ಳೆಯವು ಕಂಚಿನವು, 80 ಭಾಗ ತಾಮ್ರ, 20 ಭಾಗ ತವರ. ಗುಡಿಯ ಗಂಟೆ ಎರಕವೂ ಹೆಚ್ಚುಕಮ್ಮಿ ಇದೇ. ಜಿಲ್‌ಜಿಯನ್ ಮನೆತನ 1623ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಈ ಕಸುಬನ್ನು ಶುರು ಮಾಡಿದ್ದು, ಈಗ ಅವರ ಕಾರ್ಖಾನೆ ಅಮೆರಿಕದಲ್ಲಿದೆ. ಸಿಂಬಲ್‌ನ ಮೇಲಿನ ತಿರುಪನ್ನು ಬಿಗಿಯಬೇಡಿ, ತೂಗಾಡೋಕೆ ಬಿಡಿ. ಬಿಗಿದಷ್ಟೂ ಬೇಗ ಬಿರುಕು. ಅಂಚಿನಲ್ಲಿ ಬಿರುಕು ಬಂದೇ ಬಿಟ್ಟರೆ ಬಿರುಕಿನ ತುದಿಗೆ ಸಣ್ಣ ತೂತು ಕೊರೆಸಿ, ಅದು ಮುಂದಕ್ಕೆ ಓಡೋದು ಸ್ವಲ್ಪ ದಿನ ನಿಲ್ಲುತ್ತದೆ. ಸ್ನೇರ್ ಸುತ್ತಲಿನ ಟಾಮ್ ಡ್ರಮ್ಮುಗಳ ಬಗ್ಗೆ ಹೇಳೋದು ಜಾಸ್ತಿ ಇಲ್ಲ. ಎರಡಿದ್ದರೆ ಸಾಕು. ಸ್ಟಿಕ್ ಹಿಕರಿ ಮರದ್ದು, ನಾನು 5ಬಿ ಅನ್ನೋ ದಪ್ಪ ಅಳತೆಯದು ಬಳಸುತ್ತೇನೆ. ಸಣ್ಣ ಕೈಗೆ 5ಎ ಹಗುರ.

ಒಂದು ಸಾಮಾನು ಅಂಗಡಿಯವರು ನೆನಪಿಸೋದೇ ಇಲ್ಲ, ಕಿವಿಗೆ ಹಾಕೋ ಇಯರ್‌ಪ್ಲಗ್. 85 ಡೆಸಿಬೆಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ತಡೆಯಬಹುದು ಅನ್ನೋದು ಅಮೆರಿಕದ ಕೆಲಸಗಾರರ ಆರೋಗ್ಯ ಸಂಸ್ಥೆಯ ಲೆಕ್ಕ. ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿಕೆಗೆ ಹೊತ್ತು ಅರ್ಧ ಆಗುತ್ತಾ ಬರುತ್ತದೆ. 100ಕ್ಕೆ ಬರೋ ಹೊತ್ತಿಗೆ ಉಳಿಯೋದು ಕಾಲು ಗಂಟೆ. ಸಣ್ಣ ಕೋಣೆಯಲ್ಲಿ ಮೆಟಲ್ ಬಾರಿಸಿದರೆ 100 ದಾಟೋದು ಏನೂ ಕಷ್ಟ ಇಲ್ಲ. ನನ್ನ ಕ್ಲಾಸಿನಲ್ಲಿ ಪ್ಲಗ್ ಇಲ್ಲದೆ ಬಂದವರಿಗೆ ಅವತ್ತು ಸದ್ದು ಮಾಡದ ಅಭ್ಯಾಸದ ಪ್ಯಾಡ್ ಮೇಲೆ ಪಾಠ. ಇದರಲ್ಲಿ ರಿಯಾಯಿತಿ ಇಲ್ಲ.

ಮೆಟಲ್‌ನಿಂದಲೇ ಮನೆ ನಡೆಯುತ್ತಾ ಅಂತ ಕೇಳುತ್ತಾರೆ. ಇಲ್ಲ. ಮನೆ ನಡೆಸೋದು ಟ್ಯೂಷನ್ನು, ಮದುವೆ ಆರ್ಕೆಸ್ಟ್ರಾ. ಕನ್ನಡ, ಮರಾಠಿ, ಹಿಂದಿ ಹಾಡು ಒಂದೇ ರಾತ್ರಿ ಬೆರೆತು ಬರುತ್ತವೆ. ಊಟಕ್ಕೆ ಕೂತ ಹಿರಿಯರ ಕಿವಿಗೆ ತೊಂದರೆ ಆಗದ ಹಾಗೆ ಕಿಕ್ ಇರಬೇಕು, ಕುಣಿಯೋ ಹುಡುಗರ ಎದೆಗೂ ತಟ್ಟಬೇಕು. ಸೆಕೆಂಡಿಗೆ ಹದಿಮೂರು ಪೆಟ್ಟು ಅಭ್ಯಾಸ ಮಾಡಿದ ಕಾಲಿಗೆ, ನಿಧಾನದ ಹಾಡಿನಲ್ಲಿ ಒಂದೇ ಪೆಟ್ಟನ್ನು ಮೆತ್ತಗೆ, ಸರಿಯಾದ ಜಾಗಕ್ಕೆ ಇಡೋದು ಸುಲಭ ಆಗುತ್ತದೆ. ಈ ವಾರ ಖಾನಾಪುರ ರಸ್ತೆಯಲ್ಲಿ ಒಂದು ಮದುವೆ ಇದೆ. ಅಲ್ಲಿಗೆ ಜಮಖಾನ, ಸ್ಟೂಲ್, ಫೆಲ್ಟ್ ಬೀಟರ್ ಹಾಕಿದ ಒಂಟಿ ಪೆಡಲ್ ಒಯ್ಯುತ್ತೇನೆ. ಉಳಿದದ್ದು ಆರ್ಕೆಸ್ಟ್ರಾದವರದು.