ಆ ಬಯಲಿನಲ್ಲಿ ನೋಡುವುದಕ್ಕೆ ಏನಿದೆ?

ಸೈಕಲ್ ಪ್ರವಾಸ ಮುಗಿಸಿ ಬಂದಾಗಲೆಲ್ಲ ಬಂಧುಗಳು, ಕಚೇರಿಯ ಗೆಳೆಯರು ಕೇಳುವ ಪ್ರಶ್ನೆ ಒಂದೇ: ‘ತುಳಿಯುವುದೇ ಆದರೆ ಮಲೆನಾಡಿಗೆ ಹೋಗಬಾರದೇ? ವಿಜಯಪುರ, ಬಾಗಲಕೋಟೆಯ ಆ ಬಯಲಿನಲ್ಲಿ ನೋಡುವುದಕ್ಕೆ ಏನಿದೆ?’ ನಿಂತ ನಿಲುವಿನಲ್ಲಿ ಹೇಳಿ ಮುಗಿಸುವ ಉತ್ತರ ನನ್ನಲ್ಲಿಲ್ಲ. ಅದಕ್ಕೇ ಹೋದ ಜನವರಿಯ ಒಂದು ದಿನವನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾವು ಹನ್ನೊಂದು ಜನ. ವಿಜಯಪುರದಿಂದ ಹಂಪಿಯವರೆಗೆ ನಾಲ್ಕು ದಿನಗಳ ಸವಾರಿ. ಮೊದಲ ದಿನ ಕೊಲ್ಹಾರ, ಬೀಳಗಿ ಮಾರ್ಗವಾಗಿ ಬಾಗಲಕೋಟೆ ತಲುಪಬೇಕು. ಸುಮಾರು 80 ಕಿಲೋಮೀಟರ್. ಗೋಳಗುಮ್ಮಟದ ಹತ್ತಿರ ಚಹಾ ಕುಡಿದು ಹೊರಟಾಗ ಕೈಬೆರಳು ಮರಗಟ್ಟುವಷ್ಟು ಚಳಿ. ನಮ್ಮ ತಂಡದಲ್ಲಿ ಒಂದು ಕಟ್ಟುನಿಟ್ಟು ಇದೆ: ನಿಧಾನವಾಗಿ ತುಳಿಯುವವರು ಮುಂದೆ, ಗಟ್ಟಿ ಕಾಲಿನವರು ಹಿಂದೆ. ಹೀಗಾಗಿ ಯಾರೂ ಒಂಟಿಯಾಗಿ ಹಿಂದೆ ಉಳಿಯುವುದಿಲ್ಲ, ಯಾರಿಗೂ ಅವಸರವೂ ಇರುವುದಿಲ್ಲ.

ಊರು ದಾಟಿದರೆ ಎರೆಭೂಮಿ, ಅಂದರೆ ಕರಿಮಣ್ಣಿನ ಹೊಲಗಳು. ಬಸ್ಸಿನ ಕಿಟಕಿಯಿಂದ ನೋಡಿದವರಿಗೆ ಅದು ಉದ್ದಕ್ಕೂ ಒಂದೇ ಬಣ್ಣದ ಪಟ್ಟಿ. ಹದಿನೈದು ಕಿಲೋಮೀಟರ್ ವೇಗದಲ್ಲಿ ಸಾಗುವವರಿಗೆ ಮಾತ್ರ ಒಂದು ಹೊಲದಂತೆ ಇನ್ನೊಂದು ಹೊಲ ಇಲ್ಲ. ಮುಳವಾಡದ ಆಸುಪಾಸಿನಲ್ಲಿ ಗೆಳೆಯನೊಬ್ಬನ ಗಾಲಿಗೆ ಜಾಲಿಮುಳ್ಳು ಹೊಕ್ಕಿತು. ಇಬ್ಬರು ಟ್ಯೂಬ್ ಬದಲಿಸುತ್ತಿದ್ದಾಗ ನಾನು ಬದುವಿನ ಮೇಲೆ ನಿಂತು ಎರಡು ಹೊಲಗಳನ್ನು ನೋಡುತ್ತಿದ್ದೆ. ಎರಡರಲ್ಲೂ ಬಿಳಿಜೋಳವೇ. ಎಡಗಡೆಯ ನೆಲ ಬಾಯಿಬಿಟ್ಟಿತ್ತು. ಬಿರುಕಿನಲ್ಲಿ ಕೈ ಇಳಿಸಿದರೆ ಮಣಿಕಟ್ಟಿನವರೆಗೂ ಹೋಯಿತು, ಒಳಗೆ ಬೆರಳ ತುದಿಗೆ ತಣ್ಣನೆಯ ಮಣ್ಣು ತಾಕಿತು. ಬಲಗಡೆ ಸಾಲುಗಳ ನಡುವೆ ಎಡೆಕುಂಟೆ ಹೊಡೆದು ಮಣ್ಣು ಸಡಿಲಿಸಿದ್ದರು. ಮೇಲ್ಮಣ್ಣು ಪುಡಿಪುಡಿಯಾಗಿ ಬಿರುಕುಗಳು ಮುಚ್ಚಿಹೋಗಿದ್ದವು, ಬೆಳೆಯೂ ಒಂದು ಕೈ ಮೇಲಿತ್ತು.

ಹಿಂಗಾರಿನ ಜೋಳದ ಕಥೆಯೇ ಇದು. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಬಿತ್ತಿದ ಮೇಲೆ ಮಳೆ ಬರುವುದು ಅಪರೂಪ. ಕರಿಮಣ್ಣು ಹೊಟ್ಟೆಯಲ್ಲಿಟ್ಟುಕೊಂಡ ತೇವದಲ್ಲೇ ಬೆಳೆ ತೆನೆ ಕಟ್ಟಬೇಕು. ಬಿರುಕು ಬಿಟ್ಟರೆ ಆ ತೇವ ಗಾಳಿಗೆ ಹಾರಿಹೋಗುತ್ತದೆ. ಅದನ್ನು ಮಣ್ಣಿನಿಂದಲೇ ಮುಚ್ಚಿ ಕಾಪಾಡುವ ರೈತನ ಜಾಣ್ಮೆಗೆ ನಾನು ತಲೆಬಾಗುತ್ತೇನೆ. ಹೊಲದ ಅಂಚಿಗೆ ಕುಸುಬಿಯ ಸಾಲು. ಹಳದಿ, ಕೇಸರಿ ಹೂಗಳ ಕೆಳಗೆ ಮುಳ್ಳಿನ ಎಲೆಗಳು. ಎಣ್ಣೆಗೆ ಎಣ್ಣೆಯೂ ಆಯಿತು, ದನ ನುಗ್ಗದಂತೆ ಬೇಲಿಯೂ ಆಯಿತು.

ಆ ಹೊಲದ ಅಜ್ಜಿ ನಮ್ಮನ್ನು ಹಾಗೇ ಬಿಡಲಿಲ್ಲ. ‘ಎಲ್ಲಿಂದ ಬಂದಿರಿ ತಮ್ಮಾ? ಸೀತನಿ ತಿಂದು ಮುಂದೆ ಹೋಗಿರಿ’ ಎಂದರು. ಸಣ್ಣ ಕುಣಿಯಲ್ಲಿ ಕುಳ್ಳಿನ ಕೆಂಡ, ಅದರಲ್ಲಿ ಹಾಲುಗಾಳಿನ ಎಳೆಯ ತೆನೆ. ಸುಟ್ಟ ತೆನೆಯನ್ನು ಬರಿಗೈಯಲ್ಲೇ ತಿಕ್ಕಿ, ಹೊಟ್ಟು ಊದಿ, ಹಸಿರು ಕಾಳನ್ನು ನಮ್ಮ ಬೊಗಸೆಗೆ ಹಾಕಿದರು. ಜೊತೆಗೆ ಬೆಲ್ಲ, ಶೇಂಗಾ ಚಟ್ನಿ. ಹಣ ಕೊಡಲು ಹೋದವನ ಕೈಯನ್ನು ಹಿಡಿದು ಅದಕ್ಕೂ ಒಂದು ಹಿಡಿ ಸೀತನಿ ತುಂಬಿದರು.

ಕೊಲ್ಹಾರದಲ್ಲಿ ಮಣ್ಣಿನ ಗಡಿಗೆಯ ಮೊಸರು ತಿನ್ನದೆ ಯಾರೂ ಮುಂದೆ ಹೋಗುವುದಿಲ್ಲ, ನಾವೂ ಹೋಗಲಿಲ್ಲ. ಚಮಚ ನೆಟ್ಟರೆ ನಿಲ್ಲುವಷ್ಟು ಗಟ್ಟಿ. ಅಲ್ಲಿಂದ ಮುಂದೆ ಕೃಷ್ಣೆಯ ಸೇತುವೆ, ಎರಡೂ ಕಡೆ ಆಲಮಟ್ಟಿಯ ಹಿನ್ನೀರು. ಸೇತುವೆಗೆ ಮೊದಲೇ ನಮ್ಮ ಗೆಳೆಯನೊಬ್ಬ ಸೈಕಲ್ ನಿಲ್ಲಿಸಿದ. ಬೀಳಗಿ ತಾಲ್ಲೂಕಿನವನು. ಅಷ್ಟು ಹೊತ್ತು ಎಲ್ಲರಿಗಿಂತ ಹೆಚ್ಚು ಮಾತಾಡುತ್ತಿದ್ದವನು ಸುಮ್ಮನೆ ನೀರನ್ನೇ ನೋಡುತ್ತಿದ್ದ. ‘ನಮ್ಮ ಹೊಲ ಅಲ್ಲೇ ಇತ್ತಂತೆ’ ಎಂದು ಕೈ ತೋರಿದ. ಅಲ್ಲಿ ನೀರು ಬಿಟ್ಟರೆ ಬೇರೇನೂ ಇರಲಿಲ್ಲ. ಜಲಾಶಯದ ಪೂರ್ಣ ಮಟ್ಟ ಈಗ 519.6 ಮೀಟರ್; ಅದನ್ನು 524.256 ಮೀಟರ್‌ಗೆ ಏರಿಸಲು ಕೃಷ್ಣಾ ಜಲವಿವಾದ ನ್ಯಾಯಮಂಡಳಿ 2010ರಲ್ಲಿ ಒಪ್ಪಿದೆ. ಏರಿದರೆ ಮತ್ತಷ್ಟು ಹೊಲಗಳು ಒಳಗೆ ಹೋಗುತ್ತವೆ. ಇದೇ ನೀರು ಮುಳವಾಡ ಏತ ನೀರಾವರಿಯಿಂದ ಎಷ್ಟೋ ಒಣ ಭೂಮಿಗೆ ಹರಿಯುತ್ತಿದೆ ಎಂಬುದೂ ನಿಜ. ಎರಡನ್ನೂ ಒಂದೇ ಬೆಳಗಿನಲ್ಲಿ, ಒಂದೇ ರಸ್ತೆಯಲ್ಲಿ ಕಂಡವರಿಗೆ ಒಂದನ್ನು ಮರೆತು ಇನ್ನೊಂದನ್ನು ಹೊಗಳಲು ಬಾಯಿ ಬರುವುದಿಲ್ಲ.

ಸೇತುವೆಯಾಚೆ ಕಬ್ಬಿನ ನಾಡು. ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್‌ಗಳು, ರಸ್ತೆಗೆ ಚಾಚಿದ ಕಬ್ಬಿನ ಗರಿ. ಎಡಗಡೆಯಿಂದ ಮೂಡಣ ಗಾಳಿ ತಳ್ಳುತ್ತಿತ್ತು. ಒಂದೇ ಸಾಲಿನಲ್ಲಿ, ಮಾತಿಲ್ಲದೆ ತುಳಿದೆವು. ಅನಗವಾಡಿಯ ಹತ್ತಿರ ಘಟಪ್ರಭೆಯನ್ನು ದಾಟಿ, ಗದ್ದನಕೇರಿ ಕ್ರಾಸ್‌ನಲ್ಲಿ ಮತ್ತೊಮ್ಮೆ ಚಹಾ ಕುಡಿದು, ಹೊತ್ತು ಮುಳುಗುವ ಮುಂಚೆ ಬಾಗಲಕೋಟೆಯ ನವನಗರ ಸೇರಿದೆವು. ಮುಳುಗಡೆಯಾದ ಹಳೆಯ ಊರಿನ ಜನರಿಗಾಗಿ ಕಟ್ಟಿದ ಊರದು.

ರಾತ್ರಿ ಊಟಕ್ಕೆ ಕೂತಾಗ ಬೀಳಗಿಯ ಗೆಳೆಯ ಊರಿಗೆ ಫೋನ್ ಮಾಡಿದ. ಜೇಬಿನಿಂದ ಉಳಿದ ಸೀತನಿಯನ್ನು ತಟ್ಟೆಯ ಅಂಚಿಗೆ ಸುರಿದು, ‘ಅಪ್ಪಾ, ಆ ಹೊಲದಲ್ಲಿ ಏನೇನು ಬೆಳೆಯುತ್ತಿದ್ದಿರಿ?’ ಎಂದು ಕೇಳಿದ. ಸ್ಪೀಕರ್ ಹಾಕಿದ್ದರಿಂದ ಹನ್ನೊಂದೂ ಜನ ಊಟ ನಿಲ್ಲಿಸಿ ಕೇಳಿದೆವು. ಸ್ವಲ್ಪ ಹೊತ್ತು ಆ ಕಡೆಯಿಂದ ಸದ್ದಿಲ್ಲ. ಆಮೇಲೆ ಅವರು ಹೇಳತೊಡಗಿದರು: ‘ಬಿಳಿಜೋಳ, ಕಡಲೆ. ಬಾವಿಯ ಕಡೆಗೆ ಒಂದಿಷ್ಟು ಗೋಧಿ. ಅಂಚಿಗೆ ಕುಸುಬಿ.’