ಹನ್ನೊಂದನೇ ದಿನ

ಇಂಟರ್‌ವ್ಯೂ ಆಗಿ ಇವತ್ತಿಗೆ 11 ದಿನ. 'ಒಂದು ವಾರದಲ್ಲಿ ತಿಳಿಸ್ತೀವಿ' ಅಂದಿದ್ದರು ಎಚ್‌ಆರ್ ಮೇಡಂ. ಅವರ ವಾರಕ್ಕೆ ಎಷ್ಟು ದಿನವೋ!

ಬೆಳಿಗ್ಗೆ ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಬಸ್ಸು ನಿಂತಿತ್ತು. ಸೀಟಲ್ಲೇ ಕೂತು ಮೇಲ್ ಬರೆದೆ. ಯಾವ ಹುದ್ದೆ, ಯಾವ ತಾರೀಕು, ಮಾತಾಡಿಸಿದ್ದಕ್ಕೆ ಥ್ಯಾಂಕ್ಸ್, ಏನಾಯಿತು ತಿಳಿಸಿ. ನಾಲ್ಕು ಸಾಲಿಗೆ ಅರ್ಧ ಗಂಟೆ! 'ಪ್ಲೀಸ್' ಮೂರು ಸಲ ಬಂದಿತ್ತು, ಎರಡು ಅಳಿಸಿದೆ. ಬೇಡಿದ ಹಾಗೆ ಕಾಣಬಾರದು, ಅಲ್ವಾ?

ಅಪ್ಪ ಕೊಬ್ಬರಿ ದುಡ್ಡು ಕೇಳೋಕೆ ತಿಪಟೂರಿನ ಮಂಡಿಗೆ ಹೋದರೆ ಮೊದಲು ಮಳೆ, ಬೆಳೆ ಅಂತ ಮಾತಾಡುತ್ತಿದ್ದರು. ದುಡ್ಡಿನ ಮಾತು ಕೊನೆಗೆ, ಚಪ್ಪಲಿ ಮೆಟ್ಟುವಾಗ, ಸುಮ್ನೆ ನೆನಪಾದ ಹಾಗೆ. ಮೇಲ್‌ನಲ್ಲಿ ಚಪ್ಪಲಿ ಮೆಟ್ಟೋಕೆ ಜಾಗ ಎಲ್ಲಿದೆ?

ಕಳಿಸಿದೆ. ತಕ್ಷಣ ಟಿಂಗ್ ಅಂತು. ಎದೆ ಧಸಕ್ಕೆಂದಿತು.

ಆಟೋ ರಿಪ್ಲೈ. ಮೇಡಂ ಸೋಮವಾರದವರೆಗೆ ರಜೆ.